ಯಾವ ವಲಯಕ್ಕೂ ಸೇರದ ಮನೆ

ಆಂಬುಲೆನ್ಸ್ ಠಾಣೆಯಲ್ಲಿ ಎಲ್ಲರೂ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವಳು ಅತ್ತಿಗೆಯಾಗಿದ್ದದ್ದು ಚಾಲಕರಲ್ಲಿ ಒಬ್ಬನಿಗೆ, ಗಂಡನ ತಮ್ಮನಿಗೆ ಮಾತ್ರ. ಆದರೆ ಆ ಮೈದುನನ ಗಂಟಲು ಎಂಥದ್ದೆಂದರೆ, ಕೆಳಗೆ ಗಾಡಿ ನಿಲ್ಲಿಸುವ ಅಂಗಳದಿಂದ ಅವನು ಒಮ್ಮೆ ಕೂಗಿದರೆ ಮೇಲಿನ ಮಹಡಿಯ ಕಿಟಕಿಗಳೆಲ್ಲ ತೆರೆದುಕೊಳ್ಳುತ್ತಿದ್ದವು. ಕೇಳಿ ಕೇಳಿ ಕಸ ಗುಡಿಸುವವರಿಂದ ಹಿಡಿದು ನಿವೃತ್ತಿಯ ಅಂಚಿನ ಹಿರಿಯ ಚಾಲಕರವರೆಗೆ ಎಲ್ಲರ ಬಾಯಿಗೂ ಅತ್ತಿಗೆಯೇ ಹತ್ತಿತು. ಅವನಿಗೆ ಸಿಕ್ಕ ಹೆಸರು ಸೈರನ್. ಗಾಡಿಯ ಸೈರನ್ನಿಗಾದರೂ ಒಂದು ಗುಂಡಿ ಇದೆ, ಒತ್ತಿದರೆ ನಿಲ್ಲುತ್ತದೆ, ನಾನು ಹೆತ್ತದ್ದಕ್ಕೆ ಅದೂ ಇಲ್ಲ ಎಂದು ಅವನ ತಾಯಿ ಮನೆಯಲ್ಲಿ ಹೇಳಿದ್ದೂ ಹೇಗೋ ಠಾಣೆಯನ್ನು ಮುಟ್ಟಿತ್ತು. ಹೇಗೋ ಏನು, ಅವನೇ ಹೇಳಿಕೊಂಡು ಬಂದಿರುತ್ತಾನೆ.

ಅತ್ತಿಗೆಯ ಕೋಣೆ ಕಂಟ್ರೋಲ್ ರೂಮಿನ ಹಿಂದಿತ್ತು. ಹಿಂದೊಮ್ಮೆ ಮುರಿದ ಸ್ಟ್ರೆಚರುಗಳನ್ನು ಪೇರಿಸಿಡುತ್ತಿದ್ದ ಉದ್ದನೆಯ ಇಕ್ಕಟ್ಟು ಕೋಣೆ. ಕುರ್ಚಿ ಹಿಂದೆ ಸರಿಸಿದರೆ ಗೋಡೆ, ಮುಂದೆ ಸರಿಸಿದರೆ ಮೇಜು. ಮೊದಲು ಅವಳೂ ಕಂಟ್ರೋಲ್ ರೂಮಿನಲ್ಲಿ ಫೋನು ಎತ್ತುತ್ತಿದ್ದವಳೇ. ನೀಲಿ ಗೇಟು ಕಂಡ ತಕ್ಷಣ ಎಡಕ್ಕೆ, ಆಮೇಲೆ ನಾಯಿ ಬೊಗಳುವ ಮನೆ ದಾಟಿ ಎಂದು ಅಳುತ್ತ ದಾರಿ ಹೇಳುವವರ ಮಾತನ್ನು ಕಾಗದದ ಮೇಲೆ ಗೆರೆ ಮಾಡುತ್ತ ಮಾಡುತ್ತ ಅವಳಿಗೆ ನಕ್ಷೆಯ ಹುಚ್ಚು ಹಿಡಿಯಿತು. ಕಂಪ್ಯೂಟರಿನ ವಿದ್ಯೆಯನ್ನು ಯಾರೂ ಕೂರಿಸಿ ಕಲಿಸಲಿಲ್ಲ. ಬರೆದದ್ದು ತಪ್ಪಾದರೆ ಪರದೆ ಕೆಂಪು ಅಕ್ಷರದಲ್ಲಿ ಬೈಯುತ್ತದಲ್ಲ, ಆ ಬೈಗುಳವನ್ನೇ ಪಾಠವೆಂದು ಓದಿಕೊಂಡಳು. ಬೈಸಿಕೊಳ್ಳಲು ನಾಚಿಕೆಯಿಲ್ಲದವರಿಗೆ ಈ ವಿದ್ಯೆ ಬೇಗ ಹತ್ತುತ್ತದೆ ಎನ್ನುವುದು ಅವಳ ಸಿದ್ಧಾಂತ. ಅತ್ತೆಯ ಜೊತೆ ಇಷ್ಟು ವರ್ಷ ಬಾಳಿದವಳಿಗೆ ಅದೇನು ಮಹಾ ಎಂದು ಮೈದುನ ಒಗ್ಗರಣೆ ಹಾಕುತ್ತಿದ್ದ.

ಗಾಡಿಗಳಲ್ಲಿ ಚಾಲಕನ ಎದುರಿರುವ ಟ್ಯಾಬಿಗೆ ಹೋಗುವ ನಕ್ಷೆಯನ್ನು ತಯಾರಿಸುವುದು ಅವಳ ಕೆಲಸ. ಅದು ಮೇಲಿನಿಂದ ತೆಗೆದ ಫೋಟೋ ಅಲ್ಲ. ಚುಕ್ಕಿ, ಗೆರೆ, ಆವರಣ, ಇಷ್ಟೇ. ಮನೆಯೊಂದು ಚುಕ್ಕಿ, ರಸ್ತೆಯೊಂದು ಗೆರೆ, ಒಂದು ಉಪಠಾಣೆ ನೋಡಿಕೊಳ್ಳುವ ವಲಯ ಒಂದು ಆವರಣ. ವೆಕ್ಟರ್ ನಕ್ಷೆ ಎನ್ನುತ್ತಾರೆ. ಕರೆ ಬಂದ ಮನೆಯ ಚುಕ್ಕಿ ಯಾವ ವಲಯದ ಒಳಗೆ ಬೀಳುತ್ತದೆ ಎಂದು ಯಂತ್ರ ನೋಡಿ ಆ ಉಪಠಾಣೆಯ ಗಾಡಿಗೆ ಗಂಟೆ ಹೊಡೆಯುತ್ತದೆ. ವಲಯಗಳ ಗಡಿ ರಸ್ತೆಗಳ ಮೇಲೇ ಹಾದುಹೋಗುವುದರಿಂದ ರಸ್ತೆ ಸರಿದರೆ ಗಡಿಯೂ ಸರಿಯಬೇಕು. ರಸ್ತೆ ಇಲಾಖೆಯಿಂದ ಬಡಾವಣೆಗೊಂದರಂತೆ ರಾಶಿ ಫೈಲುಗಳು ಬರುತ್ತಿದ್ದವು. ಒಂದೊಂದನ್ನೂ ತೆರೆದು, ತೊಳೆದು, ವಲಯಕ್ಕೆ ತಕ್ಕಂತೆ ಕತ್ತರಿಸಿ, ಕೊನೆಗೆ ಎಲ್ಲವನ್ನೂ ಹೊಲಿದು ಒಂದು ಮಾಡು ಎಂದು ಯಂತ್ರಕ್ಕೆ ಸಾಲುಸಾಲಾಗಿ ಹೇಳುವ ಸ್ಕ್ರಿಪ್ಟನ್ನು ಅತ್ತಿಗೆಯೇ ಬರೆದಿದ್ದಳು. ಕೆಲಸವೇನೋ ಚೊಕ್ಕ. ಆದರೆ ಶನಿವಾರ ಮಧ್ಯಾಹ್ನ ಓಡಿಸಿ ಹೋದರೆ ಸೋಮವಾರ ಬೆಳಿಗ್ಗೆಯೂ ಅದು ಏದುಸಿರು ಬಿಡುತ್ತ ಓಡುತ್ತಲೇ ಇರುತ್ತಿತ್ತು. ಹಾಗಾಗಿ ತಿಂಗಳಿಗೊಮ್ಮೆ ಮಾತ್ರ ಹೊಸ ನಕ್ಷೆ. ಊರು ದಿನಕ್ಕೊಂದು ಕಡೆ ಅಗೆಸಿಕೊಳ್ಳುತ್ತದೆ. ಚಾಲಕರ ಕಣ್ಣೆದುರಿಗೆ ಇರುತ್ತಿದ್ದದ್ದು ಹಳಸಿದ ಊರು.

ಆ ಹಳಸಿದ ಊರಿನಲ್ಲೇ ಸೈರನ್ ಸಿಕ್ಕಿಹಾಕಿಕೊಂಡ. ಎದೆನೋವಿನ ಮುದುಕರೊಬ್ಬರನ್ನು ಕರೆತರಲು ಹೊರಟವನಿಗೆ, ಟ್ಯಾಬು ತೋರಿಸಿದ ಓಣಿಯ ನಡುವೆ ಕಾಲುವೆಯಂಥ ಗುಂಡಿ ಎದುರಾಯಿತು. ಹಿಂದಕ್ಕೆ ತೆಗೆಯೋಣವೆಂದರೆ ಇಕ್ಕೆಲದಲ್ಲೂ ಕಾರುಗಳು. ಮುದುಕರು ಬದುಕಿಕೊಂಡರು, ಆದರೆ ಅವರ ಮಗಳು ದೂರು ಕೊಟ್ಟಳು. ತಡವಾದದ್ದು ಸುಳ್ಳಲ್ಲ. ಅವನ ಮೇಲೆ ಇಂಥ ತಡದ ದೂರು ಮೊದಲನೆಯದೂ ಅಲ್ಲ. ಠಾಣೆಯ ನಿರ್ದೇಶಕಿ ಅವನನ್ನು ಆಂಬುಲೆನ್ಸಿನಿಂದ ಇಳಿಸಿ, ಆಸ್ಪತ್ರೆಗಳಿಗೆ ಔಷಧದ ಪೆಟ್ಟಿಗೆ ಸಾಗಿಸುವ ವ್ಯಾನಿಗೆ ಹಾಕಿದರು. ಅವನ ಕೀಲಿ ಅವರ ಮೇಜಿನೊಳಗೆ ಸೇರಿತು, ಗಾಡಿಯ ಜೋಡಿ ಕೀಲಿ ಸದ್ಯಕ್ಕೆ ಇನ್ನೊಬ್ಬ ಚಾಲಕನ ಕೈಗೆ ಹೋಯಿತು.

ಅತ್ತಿಗೆ ಅವನನ್ನು ಕರೆದುಕೊಂಡು ನಿರ್ದೇಶಕಿಯ ಕೋಣೆಗೆ ಹೋದಳು. ಆಯಮ್ಮ ಕೆಟ್ಟವರಲ್ಲ, ಆದರೆ ಕಣ್ಣೀರಿಗಾಗಲಿ ಕೂಗಾಟಕ್ಕಾಗಲಿ ಬಗ್ಗುವವರೂ ಅಲ್ಲ. ಸೈರನ್ ತನ್ನ ಕಥೆಯನ್ನೆಲ್ಲ ಹೇಳಿ ಮುಗಿಸುವವರೆಗೆ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಕೇಳಿದರು.

"ಕುಣಿಯಕ್ಕೆ ಬರದೋಳು ನೆಲ ಡೊಂಕು ಅಂದಳಂತೆ," ಎಂದರು. "ಇವತ್ತು ನೀವು ನಕ್ಷೆ ಹಳೇದು ಅಂತೀರಿ, ನಾಳೆ ಎಲ್ಲಾ ಚಾಲಕರೂ ಅದನ್ನೇ ಅಂತಾರೆ. ನಾನು ಯಾರನ್ನ ಕೇಳಲಿ?"

"ನನ್ನ ಕೇಳಿ ಮೇಡಂ," ಎಂದಳು ಅತ್ತಿಗೆ. "ನೆಲ ಡೊಂಕಾಗೇ ಇದೆ. ನೆಟ್ಟಗೆ ಮಾಡಿ ಕೊಡ್ತೀನಿ."

ನಿರ್ದೇಶಕಿ ಮುಚ್ಚಳ ಹಾಕಿದರು. ಮಾತು ಅಲ್ಲಿಗೆ ಒಪ್ಪಂದಕ್ಕೆ ಬಂತು. ರಸ್ತೆ ಇಲಾಖೆಯ ಅಂದಂದಿನ ಫೈಲುಗಳು ಮಧ್ಯಾಹ್ನ ಬರುತ್ತವೆ. ಸಂಜೆ ಪಾಳಿ ಶುರುವಾಗುವುದರೊಳಗೆ ಪ್ರತಿದಿನ ಹೊಸ ನಕ್ಷೆ ಗಾಡಿಗಳಿಗೆ ಹೋಗುವಂತಾದರೆ, ತಪ್ಪು ನಕ್ಷೆಯದೆಂದು ಒಪ್ಪಿ ಗಾಡಿ ವಾಪಸು ಕೊಡುತ್ತಾರೆ. ಆಗದಿದ್ದರೆ ಆ ಸೀಟು ಬೇರೆಯವರದು, ಇವನಿಗೆ ವ್ಯಾನೇ ಕಾಯಂ. ಮುಂದಿನ ವಾರದ ಕೊನೆಗೆ ತಾವೇ ಬಂದು ನೋಡುವುದಾಗಿ ಹೇಳಿದರು.

ಯಂತ್ರಗಳನ್ನು ನೋಡಿಕೊಳ್ಳುವ ತಂತ್ರಜ್ಞ ವಿಷಯ ಕೇಳಿ ಮರುಗಿದ. ಈ ಕಂಪ್ಯೂಟರಿನಲ್ಲಿ ಅದು ಆಗದ ಕೆಲಸ, ದೊಡ್ಡದು ತರಿಸಬೇಕು, ಅರ್ಧ ವರ್ಷವಾದರೂ ಹಿಡಿಯುತ್ತದೆ ಎಂದ. ಅತ್ತಿಗೆ ಅಲ್ಲವೆಂದು ತಲೆಯಾಡಿಸಿದಳು. ಯಂತ್ರ ಸೋಮಾರಿಯಲ್ಲ, ತಾನು ಅದಕ್ಕೆ ಹಚ್ಚಿದ ಕೆಲಸವೇ ದಡ್ಡತನದ್ದಿರಬೇಕು, ಎಲ್ಲಿ ಅಂತ ಹುಡುಕುತ್ತೇನೆ ಎಂದಳು.

ಅವಳ ಗಂಡ ಹಡಗಿನ ಕೆಲಸದವನು, ವರ್ಷದಲ್ಲಿ ಅರ್ಧ ನೀರಿನ ಮೇಲೆ. ಮನೆಯಲ್ಲಿರುವುದು ಅತ್ತೆ, ಸೊಸೆ, ಮೈದುನ. ಆ ವಾರ ಊಟದ ಮೇಜಿನಲ್ಲಿ ಮಾತು ಇಳಿಮುಖವಾಗಿತ್ತು. ಸೈರನ್ ಅನ್ನ ಕಲಸುತ್ತ ಕೂತುಬಿಡುತ್ತಿದ್ದ.

"ಪೆಟ್ಟಿಗೆಗಳು ಮಾತಾಡಲ್ಲ ಅತ್ತಿಗೆ," ಎಂದ ಒಂದು ದಿನ. "ಆಂಬುಲೆನ್ಸಲ್ಲಾದ್ರೆ ಹಿಂದೆ ನರಳೋರಾದ್ರೂ ಇರ್ತಾರೆ. ಹೆದರಬೇಡಿ, ಬಂದೇಬಿಟ್ವಿ ಅಂತ ಹೇಳ್ತಾ ಹೋಗಬಹುದು."

"ನಿನ್ನ ಮಾತು ಕೇಳ್ತಾ ಹೋದ್ರೆ ಗಟ್ಟಿ ಇದ್ದೋರೂ ನರಳ್ತಾರೆ," ಎಂದರು ಅವನ ತಾಯಿ. ಹೇಳಿದ ಮೇಲೆ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದರು. ಆಮೇಲೆ ಸೊಸೆಯ ಕಡೆ ತಿರುಗಿ, ಅದೇನು ಮಾಡ್ತೀಯೋ ಮಾಡಮ್ಮ, ಇವನು ಸುಮ್ಮನೆ ಕೂತರೆ ಮನೆ ಬಿಕೋ ಅನ್ನುತ್ತೆ ಎಂದರು.

ಇಂಥ ಕಥೆಗಳಲ್ಲಿ ಬಟ್ಟೆ ಮಡಚುವಾಗಲೋ ಪಾತ್ರೆ ಜೋಡಿಸುವಾಗಲೋ ಥಟ್ಟನೆ ಉತ್ತರ ಹೊಳೆಯಬೇಕು. ಅತ್ತಿಗೆಗೆ ಹಾಗೇನೂ ಹೊಳೆಯಲಿಲ್ಲ. ಅವಳು ಸ್ಕ್ರಿಪ್ಟಿನ ಒಂದೊಂದು ಹಂತಕ್ಕೂ ಗಡಿಯಾರ ಕಟ್ಟಿದಳು, ಅಷ್ಟೆ. ಎಲ್ಲಿ ಎಷ್ಟು ಹೊತ್ತು ಹೋಗುತ್ತಿದೆ ಎಂದು ಯಂತ್ರವೇ ಬರೆದು ತೋರಿಸುವಂತೆ ಮಾಡಿದಳು. ಅವಳಿಗಿದ್ದ ಅನುಮಾನ ರಸ್ತೆ ಕತ್ತರಿಸುವ ಹಂತದ ಮೇಲೆ. ಗಡಿಯಾರ ಬೇರೆಯೇ ಹೇಳಿತು. ಕತ್ತರಿ ಚುರುಕಾಗಿಯೇ ಇತ್ತು; ಹೊತ್ತು ತಿನ್ನುತ್ತಿದ್ದದ್ದು ಕತ್ತರಿ ಆಡಿಸುವ ಮೊದಲಿನ ಹುಡುಕಾಟ. ಒಂದೊಂದು ರಸ್ತೆಗೂ ಸ್ಕ್ರಿಪ್ಟು ವಲಯಗಳ ಫೈಲನ್ನು ಹೊಸದಾಗಿ ತೆರೆಯುತ್ತಿತ್ತು. ಮೊದಲ ವಲಯದಿಂದ ಕೊನೆಯದರವರೆಗೆ ಒಂದೊಂದರ ಗಡಿಯನ್ನೂ ಪೂರ್ತಿ ಸುತ್ತಿ, ಈ ರಸ್ತೆ ಇಲ್ಲಿಯದಾ ಎಂದು ಕೇಳುತ್ತಿತ್ತು. ಆಮೇಲೆ ಫೈಲು ಮುಚ್ಚುತ್ತಿತ್ತು. ಮುಂದಿನ ರಸ್ತೆಗೆ ಮತ್ತೆ ತೆರೆಯುತ್ತಿತ್ತು.

ಮಧ್ಯಾಹ್ನ ವ್ಯಾನು ನಿಲ್ಲಿಸಿ ಬಂದ ಮೈದುನನಿಗೆ ಇದನ್ನು ಹೇಳಿದಾಗ ಅವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು.

"ಅಂದ್ರೆ, ಒಬ್ಬರಿಗೆ ಹುಷಾರಿಲ್ಲ ಅಂತ ಫೋನ್ ಬಂದ್ರೆ ನಾನು ಊರಿನ ಮನೆಮನೆ ಕದ ತಟ್ಟಿ, ಫೋನ್ ಮಾಡಿದ್ದು ನೀವಾ ಅಂತ ಕೇಳ್ದಂಗೆ."

"ಹೌದು. ಅಷ್ಟೇ ಅಲ್ಲ, ಪ್ರತಿ ಮನೆಗೆ ಹೋಗೋ ಮುಂಚೆ ಠಾಣೆಗೆ ವಾಪಸ್ ಬಂದು ಗಾಡಿ ಆಫ್ ಮಾಡಿ ಮತ್ತೆ ಹೊರಟಂಗೆ."

"ಮತ್ತೆ ದೂರು ನನ್ನ ಮೇಲೆ," ಎಂದ ಅವನು.

ಉಪಾಯ ದೊಡ್ಡದೇನಲ್ಲ. ವಲಯಗಳ ಫೈಲನ್ನು ಒಮ್ಮೆ ತೆರೆದು ಯಂತ್ರದ ನೆನಪಿನಲ್ಲೇ ಇಟ್ಟುಕೊಂಡಳು. ಪ್ರತಿ ವಲಯದ ಸುತ್ತ ಒಂದು ಚೌಕ ಎಳೆದು, ಆ ಚೌಕಕ್ಕೇ ತಾಗದ ರಸ್ತೆಯನ್ನು ಗಡಿ ಸುತ್ತಿಸದೆ ಹಾಗೇ ಬಿಟ್ಟುಬಿಡುವಂತೆ ಮಾಡಿದಳು. ನಿನ್ನೆಗೂ ಇವತ್ತಿಗೂ ಬದಲಾಗದ ಬಡಾವಣೆಯ ಫೈಲನ್ನು ಮುಟ್ಟಲೇಬಾರದು ಎಂದಳು. ತೊಳೆದ ಪಾತ್ರೆಯನ್ನು ಮತ್ತೆ ಯಾಕೆ ತೊಳೆಯಬೇಕು. ಎರಡು ದಿನ ಓಡುತ್ತಿದ್ದ ಕೆಲಸ, ಊಟಕ್ಕೆ ಕೂರುವಾಗ ಹಚ್ಚಿದರೆ ಸಂಜೆ ಪಾಳಿಯವರು ಬೂಟಿನ ದಾರ ಕಟ್ಟುವ ಹೊತ್ತಿಗೆ ಮುಗಿಯತೊಡಗಿತು. ತಂತ್ರಜ್ಞ ಬಂದು ನೋಡಿ, ಏನೋ ಬಿಟ್ಟುಹೋಗಿರಬೇಕು ಎಂದು ಎರಡು ಸಲ ತಾಳೆ ನೋಡಿದ. ಏನೂ ಬಿಟ್ಟುಹೋಗಿರಲಿಲ್ಲ. ಅವನು ಪ್ರಾಮಾಣಿಕ ಮನುಷ್ಯ, ದೊಡ್ಡ ಕಂಪ್ಯೂಟರಿನ ಮಾತನ್ನು ಅಲ್ಲಿಗೇ ನುಂಗಿ, ಇನ್ನೊಂದು ದಾರಿ ಹೇಳಿಕೊಟ್ಟ. ವಲಯಗಳನ್ನು ಒಂದಾದ ಮೇಲೊಂದು ಯಾಕೆ ಮಾಡಬೇಕು, ಬೇರೆಬೇರೆ ಮಾಡಿ ಎಲ್ಲವನ್ನೂ ಒಟ್ಟಿಗೇ ಓಡಿಸಿ, ಯಂತ್ರಕ್ಕೆ ಅಷ್ಟು ಕೈಗಳಿವೆ ಎಂದ.

ಅತ್ತಿಗೆಗೂ ಅದು ಬೇಕಿತ್ತು. ಬೂಟಿನ ದಾರ ಕಟ್ಟುವ ಹೊತ್ತಿಗೆ ಮುಗಿದರೆ, ಏನಾದರೂ ಎಡವಟ್ಟಾದ ದಿನ ಮತ್ತೆ ಓಡಿಸಲು ಸಮಯವೆಲ್ಲಿ? ಹಾಗಾಗಿ ವಲಯಗಳನ್ನು ಒಂದರಿಂದೊಂದು ಬಿಡಿಸಿ ಬೇರೆ ಮಾಡಿದಳು. ಜೊತೆಗೆ ತನ್ನದೂ ಒಂದು ಬುದ್ಧಿ ಸೇರಿಸಿದಳು. ವಲಯದ ಗಡಿ ಎನ್ನುವುದು ಒತ್ತೊತ್ತಾಗಿ ಪೋಣಿಸಿದ ಚುಕ್ಕಿಗಳ ಸರ. ಅದರಲ್ಲಿ ಎಷ್ಟೋ ಚುಕ್ಕಿ ತೆಗೆದರೂ ಕಣ್ಣಿಗೆ ಗೆರೆ ಹಾಗೇ ಕಾಣುತ್ತದೆ. ಪ್ರತಿ ವಲಯವೂ ತನ್ನ ಗಡಿಯ ಹೆಚ್ಚುವರಿ ಚುಕ್ಕಿಗಳನ್ನು ಉದುರಿಸಿಕೊಂಡು ಹಗುರಾಗಲಿ, ಟ್ಯಾಬಿಗೆ ಬೇಗ ಹೋಗಲಿ ಎಂದು ಒಂದು ಸಾಲು ಬರೆದಳು. ಈಗ ಚಹಾ ಬಿಸಿ ಆರುವುದರೊಳಗೆ ನಕ್ಷೆ ಸಿದ್ಧ. ಠಾಣೆಯಲ್ಲಿ ಸುದ್ದಿ ಹಬ್ಬಿತು. ಹಬ್ಬಿಸಿದ್ದು ಯಾರೆಂದು ಹೇಳಬೇಕಿಲ್ಲ.

ನಿರ್ದೇಶಕಿ ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದರು. ಆ ಇಕ್ಕಟ್ಟು ಕೋಣೆಯಲ್ಲಿ ಅವರು, ಅತ್ತಿಗೆ, ಸೈರನ್, ಬಾಗಿಲಲ್ಲಿ ತಂತ್ರಜ್ಞ. ಅವನ ಭುಜದ ಮೇಲಿಂದ ಇಣುಕುವ ಫೋನಿನವರು. ರಸ್ತೆ ಇಲಾಖೆಯ ಫೈಲುಗಳು ಆಗಷ್ಟೇ ಬಂದಿದ್ದವು. ಅತ್ತಿಗೆ ಒಂದು ಗುಂಡಿ ಒತ್ತಿ, ಚಹಾ ಕೊಟ್ಟಳು. ನಿರ್ದೇಶಕಿ ಅರ್ಧ ಕುಡಿಯುವುದರೊಳಗೆ ಕೆಲಸ ಮುಗಿದಿತ್ತು.

ಅವರು ಸುಮ್ಮನೆ ಒಪ್ಪುವವರಲ್ಲ. ಹೊಸ ನಕ್ಷೆಯನ್ನು ಪರೀಕ್ಷೆಯ ಟ್ಯಾಬೊಂದಕ್ಕೆ ಹಾಕಿಸಿಕೊಂಡು, ತಾವು ಬರುವಾಗ ದಾರಿಯಲ್ಲಿ ಕಂಡ ಅಗೆದ ರಸ್ತೆಯನ್ನು ಹುಡುಕಿದರು. ಮುಚ್ಚಿದೆ ಎಂದು ತೋರಿಸಿತು. ನಿನ್ನೆ ತೆರೆದ ಸೇತುವೆಯನ್ನು ಕೇಳಿದರು, ತೆರೆದಿದೆ ಎಂದಿತು. ಊರಿನ ಮೂಲೆಮೂಲೆಯ ವಿಳಾಸ ಹೇಳುತ್ತ ಹೋದರು. ಪ್ರತಿಯೊಂದಕ್ಕೂ ಅದರ ಉಪಠಾಣೆಯ ಹೆಸರು ಬಂತು. ಕೊನೆಗೆ ಚೀಲದಿಂದ ಆಂಬುಲೆನ್ಸಿನ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

"ಸರಿ. ನೆಲ ಡೊಂಕಿತ್ತು ಅಂತ ಒಪ್ಕೊಂಡೆ. ತಗೊಳ್ಳಿ."

ನಕ್ಷೆ ಕೈಗೆ ಸಿಕ್ಕ ಯಾರೇ ಆಗಲಿ ಮಾಡುವುದು ಒಂದೇ ಕೆಲಸ, ತನ್ನ ಮನೆ ಹುಡುಕುವುದು. ಸೈರನ್ ಟ್ಯಾಬನ್ನು ಎತ್ತಿಕೊಂಡು ಅದನ್ನೇ ಮಾಡುತ್ತಿದ್ದ. ಫೋಟೋ ತೆಗೆದು ಅಮ್ಮನಿಗೆ ತೋರಿಸುವುದು ಅವನ ಯೋಚನೆ. ಇದ್ದಕ್ಕಿದ್ದಂತೆ ಅವನ ಬಾಯಿ ನಿಂತಿತು. ಕೋಣೆಯಲ್ಲಿದ್ದವರೆಲ್ಲ ಅವನ ಕಡೆ ತಿರುಗಿದ್ದು ಅದಕ್ಕೇ. ಅವನ ಮೌನವನ್ನು ಆ ಠಾಣೆಯಲ್ಲಿ ಯಾರೂ ಕೇಳಿರಲಿಲ್ಲ.

ಕೀಲಿ ಅವನ ಕೈಯಳತೆಯಲ್ಲಿತ್ತು. ಅವನು ಅದನ್ನು ನೋಡಿದ, ಟ್ಯಾಬನ್ನು ನೋಡಿದ.

"ಅತ್ತಿಗೆ," ಎಂದ, ಮೆಲ್ಲಗೆ. "ನಮ್ಮನೆ ಯಾವ ವಲಯಕ್ಕೂ ಸೇರಿಲ್ಲ ಅಂತಿದೆ. ಪಕ್ಕದ ಮನೆಯೂ ಅಷ್ಟೇ."

ನಿರ್ದೇಶಕಿ ಕೀಲಿಯನ್ನು ತಮ್ಮ ಕಡೆಗೆ ಎಳೆದುಕೊಂಡರು.

ಅತ್ತಿಗೆ ತನ್ನ ಪರದೆಯಲ್ಲಿ ತಮ್ಮ ಓಣಿಯನ್ನು ಹಿಗ್ಗಿಸಿದಳು. ಹಿಗ್ಗಿಸಿದಳು, ಇನ್ನೂ ಹಿಗ್ಗಿಸಿದಳು. ಎರಡು ವಲಯಗಳು ಸೇರುವ ಕಡೆ, ಓಣಿಯ ತಿರುವಿನಲ್ಲಿ, ಅರೆ ತೆರೆದ ಕಣ್ಣಿನಂಥ ಒಂದು ಬಿಳಿ ಸೀಳು. ಅದರೊಳಗೆ ಅವರ ಮನೆಯ ಚುಕ್ಕಿ. ಅವಳು ಕೆಲ ಗಳಿಗೆ ನೋಡಿ, ಕನ್ನಡಕ ಮೇಲಕ್ಕೇರಿಸಿದಳು.

"ಗೊತ್ತಾಯ್ತು ಮೇಡಂ. ತಪ್ಪು ನಂದು, ಎಲ್ಲಿ ಅಂತಾನೂ ಗೊತ್ತಾಯ್ತು."

ವಿವರಿಸಿದ್ದು ಹೀಗೆ. ಪಕ್ಕಪಕ್ಕದ ಎರಡು ವಲಯಗಳಿಗೆ ನಡುವಿನ ಗಡಿ ಒಂದೇ. ಒಂದೇ ಕೈ ಎಳೆದ ಗೆರೆ. ನಾನು ವಲಯಗಳನ್ನು ಬಿಡಿಸಿ, ಒಬ್ಬೊಬ್ಬರೂ ತಮ್ಮತಮ್ಮ ಚುಕ್ಕಿ ಉದುರಿಸಿಕೊಳ್ಳಿ ಎಂದೆ. ಇದು ಒಂದು ಕಡೆಯಿಂದ ಎಣಿಸಲು ಶುರು ಮಾಡಿತು, ಅದು ಇನ್ನೊಂದು ಕಡೆಯಿಂದ. ಇದು ಉಳಿಸಿಕೊಂಡ ಚುಕ್ಕಿಯನ್ನು ಅದು ಉದುರಿಸಿತು. ಒಂದಿದ್ದ ಗೆರೆ ಎರಡಾಯಿತು, ನಡುವೆ ಸೀಳು ಬಿಟ್ಟಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ, ಸೀಳಿನಲ್ಲಿ ಬಿದ್ದ ಮನೆಗೆ ಯಾರೂ ಇಲ್ಲ.

"ಇಂಥ ಸೀಳು ಬೇರೆ ಕಡೆಯೂ ಇರುತ್ತಾ?" ನಿರ್ದೇಶಕಿ ಕೇಳಿದರು.

"ಗಡಿ ತಿರುಗೋ ಕಡೆಯೆಲ್ಲ ಇರುತ್ತೆ."

"ಆ ಮನೆಗಳಿಂದ ಕರೆ ಬಂದಿದ್ರೆ?"

"ಯಾವ ಗಾಡಿಗೂ ಗಂಟೆ ಹೊಡೀತಿರಲಿಲ್ಲ." ಅತ್ತಿಗೆ ಮಾತನ್ನು ಮೆದು ಮಾಡಲಿಲ್ಲ. "ಆದ್ರೆ ಇದು ಇನ್ನೂ ಗಾಡಿಗಳಿಗೆ ಹೋಗಿಲ್ಲ. ಹೋಗೋದೂ ಇಲ್ಲ. ಕೂತ್ಕೊಳ್ಳಿ ಮೇಡಂ, ಸಂಜೆ ಪಾಳಿಗೆ ಇನ್ನೂ ಹೊತ್ತಿದೆ. ಹೊತ್ತು ಉಳಿಸಿದ್ದೇ ಇಂಥದಕ್ಕೆ."

ಕೋಣೆಯಲ್ಲಿದ್ದದ್ದು ಒಂದೇ ಕುರ್ಚಿ. ನಿರ್ದೇಶಕಿ ಅದರಲ್ಲಿ ಕೂತರು. ಅತ್ತಿಗೆ ನಿಂತೇ ಕೆಲಸ ಮಾಡಿದಳು. ಚುಕ್ಕಿ ಉದುರಿಸುವ ಸಾಲನ್ನು ಕಿತ್ತುಹಾಕಿದಳು. ಅದನ್ನು ಕಿತ್ತರೂ ವೇಗಕ್ಕೆ ಅಂಥ ಪೆಟ್ಟೇನೂ ಬೀಳಲಿಲ್ಲ. ನಿಜವಾದ ಉಳಿತಾಯ ಆಗಿದ್ದದ್ದು ಆ ಕದ ತಟ್ಟುವ ಹುಡುಕಾಟ ನಿಂತದ್ದರಿಂದ, ವಲಯಗಳನ್ನು ಒಟ್ಟಿಗೇ ಓಡಿಸಿದ್ದರಿಂದ. ಬಾಗಿಲಲ್ಲಿದ್ದ ತಂತ್ರಜ್ಞ, ಅತಿಯಾಸೆ ಗತಿಕೇಡು ಎಂದು ತನಗೇ ಹೇಳಿಕೊಂಡ, ಬಿಡಿಸಲು ಹೇಳಿಕೊಟ್ಟದ್ದರಲ್ಲಿ ತನ್ನದೂ ಪಾಲಿತ್ತಲ್ಲ. ಅತ್ತಿಗೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಎಲ್ಲ ವಲಯಗಳನ್ನೂ ಮತ್ತೆ ಒಟ್ಟಿಗೆ ಜೋಡಿಸಿದ ಮೇಲೆ ಕೊನೆಯಲ್ಲಿ ಇನ್ನೊಂದು ಹಂತ ಸೇರಿಸಿದಳು. ಊರಿನ ಹೊರಗಡಿಯೊಳಗೆ ಎಲ್ಲಾದರೂ ಸೀಳು ಬಿಟ್ಟಿದ್ದರೆ, ಅಥವಾ ಎರಡು ವಲಯ ಒಂದರ ಮೇಲೊಂದು ಹತ್ತಿದ್ದರೆ, ನಕ್ಷೆ ಗಾಡಿಗಳಿಗೆ ಹೋಗಬಾರದು. ನಿನ್ನೆಯದೇ ಇರಲಿ, ಪರದೆಯ ಮೇಲೆ ಜಾಗ ತೋರಿಸಿ ಕೂಗಲಿ.

ಸ್ಕ್ರಿಪ್ಟು ಮತ್ತೆ ಓಡಿತು. ಸೀಳಿಲ್ಲ. ಸೈರನ್ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

"ಈಗ ಬೇಕಂತಲೇ ಒಂದು ಕಡೆ ಹರೀರಿ," ಎಂದರು ನಿರ್ದೇಶಕಿ.

ಅತ್ತಿಗೆ ನಕ್ಕಳು. ಇಂಥವರ ಕೈಕೆಳಗೆ ಕೆಲಸ ಮಾಡಬೇಕು ಎಂದುಕೊಂಡಳು. ಒಂದು ವಲಯದ ಅಂಚಿನಿಂದ ಒಂದೇ ಒಂದು ಚುಕ್ಕಿಯನ್ನು ಕದ್ದು, ಗುಂಡಿ ಒತ್ತಿದಳು. ಸ್ಕ್ರಿಪ್ಟು ಕೊನೆಯವರೆಗೆ ಓಡಿ, ಕೆಂಪಾಗಿ, ಕಳುಹಿಸುವುದಿಲ್ಲ ಎಂದು ನಿಂತುಬಿಟ್ಟಿತು. ಚುಕ್ಕಿ ವಾಪಸು ಇಟ್ಟ ಮೇಲೆ ಹಸಿರಾಯಿತು. ನಿರ್ದೇಶಕಿ ತಾವೇ ಸೈರನ್ನಿನ ಮನೆಯನ್ನು ಹುಡುಕಿ, ವಲಯದ ಹೆಸರನ್ನು ಗಟ್ಟಿಯಾಗಿ ಓದಿ, ಗಾಡಿಗಳಿಗೆ ಕಳಿಸಿ ಎಂದರು. ಕೆಳಗೆ ಅಂಗಳದಲ್ಲಿ ಟ್ಯಾಬುಗಳು ಒಂದೊಂದಾಗಿ ಟಿಣ್ ಎಂದದ್ದು ಕಿಟಕಿಯಿಂದ ಕೇಳಿಬಂತು.

ಅವರು ಎದ್ದು ನಿಂತರು. ಕೀಲಿ ಇನ್ನೂ ಅವರ ಕೈಯಲ್ಲೇ ಇತ್ತು.

"ನಿಮ್ಮ ಮನೆ ಸಿಕ್ಕಿಲ್ಲ ಅಂತ ನೀವು ಬಾಯಿ ಬಿಡದೇ ಇದ್ದಿದ್ರೆ, ಇದನ್ನ ತಗೊಂಡು ಹೋಗಬಹುದಿತ್ತು."

"ಅಮ್ಮ ಒಬ್ಬಳೇ ಇರ್ತಾಳೆ ಮೇಡಂ ಮನೇಲಿ," ಎಂದ ಸೈರನ್. "ಪಕ್ಕದ ಮನೇಲಿ ಬಾಣಂತಿ ಇದಾರೆ."

ಅವರು ತಲೆಯಾಡಿಸಿದರು.

"ಇವತ್ತು ಸಂಜೆ ಪಾಳಿ ಯಾರದು?"

"ಮೊದಲು ನಂದೇ ಇತ್ತು."

"ಮತ್ತೆ ಇಲ್ಲೇನು ಮಾಡ್ತಿದೀರಿ?"

ಕೀಲಿ ಗಾಳಿಯಲ್ಲಿ ಬಂತು. ಹಿಡಿದವನು ಮೆಟ್ಟಿಲನ್ನು ಎರಡೆರಡಾಗಿ ಇಳಿದ. ಇಷ್ಟು ದಿನ ಆ ಗಾಡಿಯನ್ನು ಓಡಿಸುತ್ತಿದ್ದವನು ನೀಳಕಾಲಿನವನು. ಸೀಟು ಹಿಂದಕ್ಕೆ ಹೋಗಿತ್ತು, ಕನ್ನಡಿ ಆಕಾಶ ನೋಡುತ್ತಿತ್ತು. ಸೈರನ್ ಸೀಟನ್ನು ಮುಂದಕ್ಕೆ ಎಳೆದ, ಕನ್ನಡಿಯನ್ನು ಬಗ್ಗಿಸಿದ, ಯಾವನಪ್ಪಾ ಇದನ್ನೆಲ್ಲ ಕೆಡಿಸಿದ್ದು ಎಂದು ಇಡೀ ಅಂಗಳಕ್ಕೆ ಕೇಳುವಂತೆ ಬೈಯುತ್ತ ಆಮ್ಲಜನಕದ ಸಿಲಿಂಡರು ನೋಡಲು ಹಿಂಬದಿಗೆ ಹೋದ. ಮೇಲಿನ ಮಹಡಿಯಲ್ಲಿ ಕಿಟಕಿಗಳು ತೆರೆದುಕೊಂಡವು.